ಪ್ಲಯೊಮೆಟ್ರಿಕ್ ವ್ಯಾಯಾಮವೂ ಎಳೆಯ ಟೆನಿಸ್ ಆಟಗಾರರೂ

೧

ಟೆನಿಸ್ ಆಟವನ್ನು ನೋಡುವವರ ದೃಷ್ಟಿ ಸಾಮಾನ್ಯವಾಗಿ ಆಟಗಾರನ ಕೈಯ ಮೇಲೆಯೇ ನೆಟ್ಟಿರುವುದು. ರಾಕೆಟ್ಟನ್ನು ಬೀಸಿದ ಬಗೆ, ಚೆಂಡು ಬಲೆಯನ್ನು ದಾಟಿದ ವೇಗ, ಅದು ಗೆರೆಯೊಳಗೆ ಬಿದ್ದ ಸ್ಥಳ, ಇವುಗಳನ್ನೇ ಅವರು ಗಮನಿಸುವರು. ಆದರೆ ಕೈ ಚೆಂಡನ್ನು ಮುಟ್ಟುವುದಕ್ಕೆ ಮುಂಚೆ ಕಾಲುಗಳು ದೇಹವನ್ನು ಚೆಂಡಿನ ಬಳಿಗೆ ಒಯ್ದಿರಬೇಕು. ಒಬ್ಬರಿಗೊಬ್ಬರು ಎದುರಾಗಿ ಆಡುವ ಆಟದಲ್ಲಿ ಅಂಗಳದ ಉದ್ದ ೨೩.೭೭ ಮೀಟರು, ಅಗಲ ೮.೨೩ ಮೀಟರು. ನಡುವೆ ನಿಂತ ಆಟಗಾರನು ಎರಡು ಪಕ್ಕಗಳಲ್ಲಿಯೂ ನಾಲ್ಕು ಮೀಟರಿಗಿಂತ ತುಸು ಹೆಚ್ಚಿನ ನೆಲವನ್ನು ಕಾಯಬೇಕು. ಒಂದು ಹೊಡೆತಕ್ಕಾಗಿ ಅವನು ಸರಿಯುವ ದೂರ ಸರಾಸರಿ ಮೂರು ಮೀಟರಿನಷ್ಟು ಮಾತ್ರ. ಪಾಯಿಂಟುಗಳು ಬಹುಮಟ್ಟಿಗೆ ಹತ್ತು ಸೆಕೆಂಡುಗಳೊಳಗೆ ಮುಗಿದುಹೋಗುವುವು. ಆದುದರಿಂದ ದೂರದ ಓಟಗಾರನ ತಾಳ್ಮೆಯೊಂದರಿಂದಲೇ ಈ ಆಟ ಸಾಗದು. ಥಟ್ಟನೆ ಹೊರಡುವುದು, ನಿಲ್ಲುವುದು, ತಿರುಗುವುದು, ಮತ್ತೆ ಹೊರಡುವುದು, ಇವುಗಳಿಗೆ ಬೇಕಾದ ಚುರುಕು ಬಲವೇ ಇಲ್ಲಿ ಪ್ರಧಾನ.

ಎದುರಾಳಿಯು ಚೆಂಡನ್ನು ಹೊಡೆಯುವ ಹೊತ್ತಿಗೆ ನುರಿತ ಆಟಗಾರನು ನಿಂತಲ್ಲಿಯೇ ಒಂದು ಸಣ್ಣ ನೆಗೆತವನ್ನು ನೆಗೆಯುವುದುಂಟು. ಆಟಗಾರರು ಇದನ್ನು ಸ್ಪ್ಲಿಟ್ ಸ್ಟೆಪ್ ಎಂದು ಕರೆಯುವರು. ಎರಡು ಪಾದಗಳೂ ನೆಲದಿಂದ ತುಸುವೇ ಮೇಲೆದ್ದು, ಚೆಂಡಿನ ದಿಕ್ಕು ತಿಳಿದುಬರುವ ಕ್ಷಣಕ್ಕೆ ಸರಿಯಾಗಿ ನೆಲವನ್ನು ತಾಗುವುವು. ತಾಗಿದೊಡನೆಯೇ ದೇಹವು ಬೇಕಾದ ಕಡೆಗೆ ಚಿಮ್ಮುವುದು. ಒಳ್ಳೆಯ ಆಟದಲ್ಲಿ ಪ್ರತಿಯೊಂದು ಹೊಡೆತದ ಹಿಂದೆಯೂ ಹೀಗೆ ಒಂದು ಇಳಿತವೂ ಆ ಇಳಿತದಿಂದಲೇ ಹುಟ್ಟಿದ ಒಂದು ಚಿಮ್ಮುವಿಕೆಯೂ ಅಡಗಿರುವುವು.

ಈ ಇಳಿತ ಚಿಮ್ಮುವಿಕೆಗಳ ಜೋಡಿಯನ್ನೇ ಬೇರೆಯಾಗಿ ತೆಗೆದುಕೊಂಡು ಪಳಗಿಸುವ ಅಭ್ಯಾಸಕ್ಕೆ ಪ್ಲಯೊಮೆಟ್ರಿಕ್ ವ್ಯಾಯಾಮವೆಂದು ಹೆಸರು. ಹತ್ತರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಇದನ್ನು ಕಲಿಸುವ ವಿಚಾರದಲ್ಲಿ ಎರಡು ವಿರುದ್ಧವಾದ ಅಭಿಪ್ರಾಯಗಳು ಬಳಕೆಯಲ್ಲಿವೆ. ಎಷ್ಟು ಎತ್ತರದಿಂದ ಎಷ್ಟು ಸಲ ನೆಗೆದರೆ ಅಷ್ಟೂ ಲಾಭವೆಂಬುದು ಒಂದು. ನೆಗೆತದ ಪೆಟ್ಟಿಗೆ ಎಳೆಯ ಎಲುಬು ಕುಂದಿ ಬೆಳವಣಿಗೆ ನಿಲ್ಲುವುದಾದ್ದರಿಂದ ಮಕ್ಕಳಿಗೆ ಇದು ಸರ್ವಥಾ ಕೂಡದೆಂಬುದು ಇನ್ನೊಂದು. ನೋಡುವುದಕ್ಕೆ ಇವು ಪರಸ್ಪರ ವಿರುದ್ಧವಾಗಿದ್ದರೂ ಇವೆರಡಕ್ಕೂ ಮೂಲ ಒಂದೇ. ಈ ವ್ಯಾಯಾಮದ ಸಾರವು ನೆಗೆತದ ಎತ್ತರದಲ್ಲಿಯೂ ಎಣಿಕೆಯಲ್ಲಿಯೂ ಇದೆಯೆಂದು ಎರಡು ಪಕ್ಷದವರೂ ಭಾವಿಸಿರುವರು. ಈ ಭಾವನೆಯು ಎಷ್ಟರ ಮಟ್ಟಿಗೆ ಸರಿಯೆಂಬುದನ್ನು ಪರಿಶೀಲಿಸಬೇಕಾದರೆ ಮೊದಲು ಶಬ್ದವನ್ನೂ ಆಮೇಲೆ ವಸ್ತುವನ್ನೂ ನೋಡತಕ್ಕದ್ದು.

೨

ಶಬ್ದದ ಚರಿತ್ರೆ ಹೀಗಿದೆ. ಮಾಂಸಖಂಡವು ಬಿಗಿಯುವಾಗ ಯಾವಾಗಲೂ ಮೋಟಾಗಲೇಬೇಕೆಂಬ ನಿಯಮವಿಲ್ಲ. ಎತ್ತಿದ ಹೊರೆಯನ್ನು ಮೆಲ್ಲಗೆ ಕೆಳಗಿಳಿಸುವವನ ತೋಳಿನ ಮಾಂಸಖಂಡವು ಬಿಗಿಯಾಗಿಯೇ ಇದ್ದು ಉದ್ದವಾಗುತ್ತ ಹೋಗುವುದು. ೧೯೩೮ರಲ್ಲಿ ಹಬರ್ಡ್ ಮತ್ತು ಸ್ಟೆಟ್ಸನ್ ಎಂಬ ವಿದ್ವಾಂಸರು ಮಾನವನ ಚಲನವನ್ನು ಕುರಿತು ಬರೆದ ಪ್ರಬಂಧದಲ್ಲಿ ಮಾಂಸಖಂಡದ ಬಿಗಿತವನ್ನು ಮೂರು ಬಗೆಯಾಗಿ ವಿಂಗಡಿಸಿ, ಮೋಟಾಗುವುದನ್ನು ಮಯೊಮೆಟ್ರಿಕ್ ಎಂದೂ, ಉದ್ದ ಬದಲಾಗದಿರುವುದನ್ನು ಐಸೊಮೆಟ್ರಿಕ್ ಎಂದೂ, ಉದ್ದವಾಗುವುದನ್ನು ಪ್ಲಯೊಮೆಟ್ರಿಕ್ ಎಂದೂ ಕರೆದರು. ಗ್ರೀಕ್ ಭಾಷೆಯಲ್ಲಿ ‘ಪ್ಲೀಯೋನ್’ ಎಂದರೆ ಹೆಚ್ಚು, ‘ಮೆಟ್ರಾನ್’ ಎಂದರೆ ಅಳತೆ. ಇಲ್ಲಿ ಹೆಚ್ಚುವ ಅಳತೆಯು ಮಾಂಸಖಂಡದ ಉದ್ದವೇ ಹೊರತು ಬೇರೆಯಲ್ಲ.

ವ್ಯಾಯಾಮದ ಚರಿತ್ರೆ ಇನ್ನೊಂದು ಕಡೆಯಿಂದ ಬಂದಿತು. ೧೯೬೦ರ ದಶಕದಲ್ಲಿ ಸೋವಿಯತ್ ಒಕ್ಕೂಟದ ಶಿಕ್ಷಕರಾದ ಯೂರಿ ವೆರ್ಖೋಷಾನ್‌ಸ್ಕಿಯವರು ನೆಗೆತದ ಪಟುಗಳಿಗಾಗಿ ಒಂದು ಕ್ರಮವನ್ನು ರೂಪಿಸಿದರು. ಪಟುವು ಎತ್ತರದ ಪೆಟ್ಟಿಗೆಯ ಮೇಲಿಂದ ಕೆಳಕ್ಕೆ ಇಳಿದು, ಪಾದಗಳು ನೆಲವನ್ನು ತಾಗಿದ ಕೂಡಲೇ ಮೇಲಕ್ಕೆ ನೆಗೆಯಬೇಕು. ಪೆಟ್ಟಿಗೆಯ ಎತ್ತರವನ್ನು ೦.೭೫ ಮೀಟರಿನಿಂದ ೧.೧೦ ಮೀಟರಿನ ವರೆಗೆ ಅವರು ಹೇಳಿದರು. ಇದಕ್ಕೆ ಅವರು ಕೊಟ್ಟ ಹೆಸರು ‘ಆಘಾತ ಪದ್ಧತಿ’ ಎಂಬರ್ಥದ ರಷ್ಯನ್ ಮಾತು. ಹಲವು ವರ್ಷ ಪಳಗಿ ಬಲಿತ ವಯಸ್ಕ ಪಟುಗಳನ್ನು ಉದ್ದೇಶಿಸಿದ ಪದ್ಧತಿ ಇದೆಂಬುದನ್ನು ಇಲ್ಲಿಯೇ ನೆನಪಿನಲ್ಲಿಡಬೇಕು. ೧೯೭೨ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಸೋವಿಯತ್ ಓಟಗಾರ ವಲೇರಿ ಬೊರ್ಜೋವ್ ೧೦೦ ಮೀಟರು, ೨೦೦ ಮೀಟರುಗಳ ಓಟಗಳೆರಡನ್ನೂ ಗೆದ್ದಮೇಲೆ ಆ ದೇಶದ ಶಿಕ್ಷಣಕ್ರಮಗಳ ಮೇಲೆ ಪಾಶ್ಚಾತ್ಯರಿಗೆ ಕುತೂಹಲ ಹೆಚ್ಚಿತು. ೧೯೪೮, ೧೯೫೨ನೆಯ ವರ್ಷಗಳ ಒಲಿಂಪಿಕ್ಸಿನಲ್ಲಿ ೧೦,೦೦೦ ಮೀಟರು ಓಡಿದ್ದ ಅಮೆರಿಕದ ಫ್ರೆಡ್ ವಿಲ್ಟ್ ಅವರು ೧೯೭೫ರಲ್ಲಿ ಈ ನೆಗೆತದ ಅಭ್ಯಾಸಗಳಿಗೆ ಪ್ಲಯೊಮೆಟ್ರಿಕ್ಸ್ ಎಂಬ ಹೆಸರನ್ನು ಬಳಕೆಗೆ ತಂದರು.

ಹೀಗೆ ಮಾಂಸಖಂಡದ ಒಂದು ಅವಸ್ಥೆಯನ್ನು ಹೇಳುತ್ತಿದ್ದ ಶಬ್ದವು ಒಂದು ವ್ಯಾಯಾಮಕ್ಕೆ ಹೆಸರಾಯಿತು. ಜನರ ಬಾಯಲ್ಲಿ ಅರ್ಥವೂ ಜಾರಿತು. ‘ಹೆಚ್ಚಿದ ಅಳತೆ’ ಎಂದರೆ ಹೆಚ್ಚು ಎತ್ತರ, ಹೆಚ್ಚು ನೆಗೆತ, ಹೆಚ್ಚು ಬಲ ಎಂದು ಅನೇಕರು ವಿವರಿಸತೊಡಗಿದರು. ಶಬ್ದಾರ್ಥದ ಇಂಥ ಜಾರುವಿಕೆ ಗ್ರಂಥಗಳಲ್ಲಿ ಹೆಚ್ಚಿನ ಹಾನಿಯನ್ನು ಮಾಡದಿರಬಹುದು. ಮಕ್ಕಳ ಮಂಡಿಗಳ ಮೇಲೆ ಪ್ರಯೋಗವಾದಾಗ ಮಾತ್ರ ಅದರ ಫಲ ಬೇರೆ.

೩

ಇನ್ನು ವಸ್ತುವಿನ ವಿಚಾರ. ಯಾವ ಶಾಲೆಯಲ್ಲಿಯಾದರೂ ಮಾಡಿ ನೋಡಬಹುದಾದ ಒಂದು ಪರೀಕ್ಷೆಯಿದೆ. ವಿದ್ಯಾರ್ಥಿಯನ್ನು ಗೋಡೆಯ ಪಕ್ಕದಲ್ಲಿ ನಿಲ್ಲಿಸಿ, ಬೆರಳತುದಿಗೆ ಸೀಮೆಸುಣ್ಣವನ್ನು ಹಚ್ಚಿ, ನೆಗೆದು ಗೋಡೆಯ ಮೇಲೆ ಗುರುತುಮಾಡಲು ಹೇಳಬೇಕು. ನೆಗೆತದ ಎತ್ತರದಿಂದ ದೇಹಬಲವನ್ನು ಅಳೆಯುವ ಕ್ರಮವನ್ನು ಅಮೆರಿಕದ ಡಡ್ಲಿ ಸಾರ್ಜೆಂಟ್ ಅವರು ೧೯೨೧ರಲ್ಲಿಯೇ ವಿವರಿಸಿದ್ದರು. ಮೊದಲನೆಯ ಸಲ ಅವನು ಮಂಡಿಗಳನ್ನು ಮಡಿಸಿ, ಆ ಭಂಗಿಯಲ್ಲಿಯೇ ಎರಡು ಮೂರು ಸೆಕೆಂಡು ನಿಂತು, ಆಮೇಲೆ ನೆಗೆಯಲಿ. ಎರಡನೆಯ ಸಲ ನೆಟ್ಟಗೆ ನಿಂತವನು ಥಟ್ಟನೆ ಕುಗ್ಗಿ, ನಡುವೆ ತಡೆಯದೆ, ಹಾಗೆಯೇ ನೆಗೆಯಲಿ. ಸಾಮಾನ್ಯವಾಗಿ ಎರಡನೆಯ ಗುರುತು ಮೊದಲನೆಯದಕ್ಕಿಂತ ಮೇಲೆ ಬೀಳುವುದು. ಕಾಲು ಅವೇ, ಬಲವೂ ಅದೇ; ವ್ಯತ್ಯಾಸವಿರುವುದು ಕುಗ್ಗುವಿಕೆಗೂ ನೆಗೆತಕ್ಕೂ ನಡುವಣ ಕಾಲದಲ್ಲಿ.

ಇದಕ್ಕೆ ಕಾರಣಗಳನ್ನು ಹಲವರು ಹಲವು ಕಡೆಗಳಿಂದ ಹುಡುಕಿದರು. ೧೯೨೪ರಲ್ಲಿ ಲಿಡೆಲ್ ಮತ್ತು ಷೆರಿಂಗ್ಟನ್ ಅವರು, ಮಾಂಸಖಂಡವನ್ನು ಹಠಾತ್ತಾಗಿ ಎಳೆದರೆ ಅದು ಮನಸ್ಸಿನ ಆಜ್ಞೆಯನ್ನು ಕಾಯದೆ ತಾನಾಗಿಯೇ ಬಿಗಿದುಕೊಳ್ಳುವುದೆಂದು ತೋರಿಸಿದರು. ೧೯೩೮ರಲ್ಲಿ ಎ. ವಿ. ಹಿಲ್ ಅವರು, ಮಾಂಸಖಂಡದಲ್ಲಿ ಮೋಟಾಗುವ ಭಾಗದೊಡನೆ ರಬ್ಬರಿನಂತೆ ಎಳೆದು ಬಿಟ್ಟರೆ ಹಿಂದಿರುಗುವ ಭಾಗವೂ ಕೂಡಿಕೊಂಡಿದೆಯೆಂದು ನಿರೂಪಿಸಿದರು. ಮಾಂಸಖಂಡವನ್ನು ಎಲುಬಿಗೆ ಕಟ್ಟಿರುವ ಸ್ನಾಯುರಜ್ಜುವೇ ಇಂಥ ಭಾಗಗಳಲ್ಲಿ ಮುಖ್ಯವಾದುದು. ೧೯೬೮ರಲ್ಲಿ ಇಟಲಿಯ ಕವಾನ್ಯಾ ಮತ್ತು ಅವರ ಸಹೋದ್ಯೋಗಿಗಳು, ಮೊದಲು ಎಳೆಯಲ್ಪಟ್ಟ ಮಾಂಸಖಂಡವು ಎಳೆಯಲ್ಪಡದ ಮಾಂಸಖಂಡಕ್ಕಿಂತ ಹೆಚ್ಚು ಕೆಲಸವನ್ನು ಮಾಡಬಲ್ಲುದೆಂದು ಅಳೆದು ತೋರಿಸಿದರು. ೧೯೯೬ರಲ್ಲಿ ಹಾಲೆಂಡಿನ ಬಾಬರ್ಟ್ ಮತ್ತು ಅವರ ಜೊತೆಗಾರರು ಇನ್ನೊಂದು ಮಾತನ್ನು ಮುಂದಿಟ್ಟರು: ಕುಗ್ಗಿ ನೆಗೆಯುವವನ ಮಾಂಸಖಂಡಗಳಿಗೆ ಮೇಲೇಳುವುದಕ್ಕೆ ಮುಂಚೆಯೇ ಪೂರ್ತಿಯಾಗಿ ಬಿಗಿದುಕೊಳ್ಳಲು ಅವಕಾಶ ದೊರೆಯುವುದು, ನಿಂತಲ್ಲಿಂದ ಕುಗ್ಗಿ ನೆಗೆಯುವ ನೆಗೆತದಲ್ಲಿ ಹೆಚ್ಚಿನ ಎತ್ತರಕ್ಕೆ ಮುಖ್ಯ ಕಾರಣ ಇದೇ. ಈ ಕಾರಣಗಳಲ್ಲಿ ಯಾವುದರ ಪಾಲು ಎಷ್ಟೆಂಬುದು ನೆಗೆತದ ಬಗೆಯನ್ನು ಅನುಸರಿಸಿ ಬೇರೆಯಾಗುವುದು.

ಎಲ್ಲ ಮತಗಳಿಗೂ ಒಪ್ಪಿಗೆಯಾದ ಅಂಶ ಒಂದುಂಟು. ಮಾಂಸಖಂಡವು ಉದ್ದವಾಗುವ ಘಟ್ಟ, ಉದ್ದವಾಗಿ ತಿರುಗುವ ಘಟ್ಟ, ಮೋಟಾಗುವ ಘಟ್ಟ ಎಂದು ಈ ಕ್ರಿಯೆಯಲ್ಲಿ ಮೂರು ಘಟ್ಟಗಳಿವೆ. ಇವುಗಳಲ್ಲಿ ನಡುವಿನದು ಎಷ್ಟು ಕಿರಿದೋ ಅಷ್ಟು ಒಳ್ಳೆಯದು. ಬಿಲ್ಲಿನ ಉಪಮಾನವನ್ನು ಇಲ್ಲಿ ಪೂರ್ತಿಯಾಗಿ ಒಪ್ಪುವಂತಿಲ್ಲ. ಸೆಳೆದ ಹೆದೆಯನ್ನು ತುಸು ಹೊತ್ತು ಹಿಡಿದಿದ್ದು ಬಿಟ್ಟರೂ ಬಾಣದ ವೇಗ ಅಷ್ಟಾಗಿ ತಗ್ಗದು. ಮಾಂಸಖಂಡವನ್ನು ಎಳೆದು ಹಿಡಿದರೆ ಕೂಡಿಬಂದ ಶಕ್ತಿ ಶಾಖವಾಗಿ ಸೋರಿಹೋಗುವುದು. ಇಂಥ ನೆಗೆತಗಳನ್ನು ಪಾದವು ನೆಲದ ಮೇಲಿರುವ ಕಾಲದಿಂದ ಎರಡಾಗಿ ವಿಂಗಡಿಸುವುದು ವಾಡಿಕೆ. ಸೆಕೆಂಡಿನ ಕಾಲು ಭಾಗಕ್ಕಿಂತ ಕಡಿಮೆಯಾದುದು ತ್ವರಿತ, ಹೆಚ್ಚಾದುದು ಮಂದ. ಹಗ್ಗದಾಟದ ನೆಗೆತ ತ್ವರಿತಕ್ಕೂ, ಕುಗ್ಗಿ ಎತ್ತರಕ್ಕೆ ನೆಗೆಯುವುದು ಮಂದಕ್ಕೂ ಉದಾಹರಣೆ.

ಈ ದೃಷ್ಟಿಯಿಂದ ನೋಡಿದರೆ ಕನ್ನಡದಲ್ಲಿ ಇದಕ್ಕೆ ಯಾವ ಮಾತು ಒಪ್ಪುವುದೆಂಬ ಪ್ರಶ್ನೆಗೂ ದಾರಿ ಕಾಣುವುದು. ನೆಗೆ, ಹಾರು, ಜಿಗಿ ಎಂಬ ಧಾತುಗಳು ಮೇಲೇಳುವುದನ್ನು ಮುಖ್ಯವಾಗಿ ಹೇಳುವುವು. ಧುಮುಕು ಎಂಬುದು ಕೆಳಗೆ ಬೀಳುವುದನ್ನು ಮಾತ್ರ ಹೇಳುವುದು. ಪುಟಿ ಎಂಬ ಧಾತುವಿನಲ್ಲಿ ಎರಡೂ ಅಡಗಿವೆ. ನೆಲಕ್ಕೆ ತಾಗಿ, ಆ ತಾಗಿದುದರಿಂದಲೇ ಮೇಲೇಳುವ ಚೆಂಡು ಪುಟಿಯುವುದು. ಪುಟಚೆಂಡು ಎಂಬ ಸಮಾಸವೂ ಪುಟನೆಗೆ ಎಂಬ ಕ್ರಿಯಾರೂಪವೂ ಕನ್ನಡದಲ್ಲುಂಟು. ಆದುದರಿಂದ ಪ್ಲಯೊಮೆಟ್ರಿಕ್ ವ್ಯಾಯಾಮವನ್ನು ‘ಪುಟನೆಗೆತ’ವೆಂದರೆ ಮೂಲಶಬ್ದಕ್ಕಿಂತಲೂ ಅರ್ಥ ಸ್ಫುಟವಾಗುವುದು. ಒಂದು ಭೇದವನ್ನು ಮಾತ್ರ ಮರೆಯಬಾರದು. ಚೆಂಡು ಜಡವಸ್ತು, ಅದರ ಪುಟಿತ ತಾನಾಗಿ ಆಗುವುದು. ಮನುಷ್ಯನ ಕಾಲು ನೆಲವನ್ನು ತಾಗುವುದಕ್ಕೆ ಮುಂಚೆಯೇ ಸಿದ್ಧವಾಗಿ ಬಿಗಿದಿರಬೇಕು. ಆ ಸಿದ್ಧತೆಯನ್ನು ಕಲಿಯಬೇಕು; ಅದನ್ನು ಕಲಿಸುವುದೇ ಈ ವ್ಯಾಯಾಮದ ಉದ್ದೇಶ.

೪

ಪುಟನೆಗೆತದಿಂದ ಎಳೆಯ ಟೆನಿಸ್ ಆಟಗಾರರಿಗೆ ನಿಜವಾಗಿ ಉಪಯೋಗವುಂಟೇ ಎಂಬುದು ಮುಂದಿನ ಪ್ರಶ್ನೆ. ಸ್ಪೇನ್ ದೇಶದ ಫರ್ನಾಂಡೆಜ಼್-ಫರ್ನಾಂಡೆಜ಼್ ಮತ್ತು ಅವರ ಸಹೋದ್ಯೋಗಿಗಳು ೨೦೧೬ರಲ್ಲಿ ಪ್ರಕಟಿಸಿದ ಪರೀಕ್ಷೆ ಇಲ್ಲಿ ಗಮನಾರ್ಹವಾದುದು. ಸುಮಾರು ಹನ್ನೆರಡೂವರೆ ವರ್ಷದ ೬೦ ಆಟಗಾರರನ್ನು ಅವರು ಎರಡು ಗುಂಪುಗಳಾಗಿ ಮಾಡಿದರು. ಒಂದು ಗುಂಪಿಗೆ ಎಂದಿನ ಟೆನಿಸ್ ಅಭ್ಯಾಸ ಮಾತ್ರ. ಇನ್ನೊಂದಕ್ಕೆ ಎಂಟು ವಾರಗಳ ಕಾಲ, ವಾರಕ್ಕೆ ಎರಡು ಸಲ, ಅದೇ ಅಭ್ಯಾಸದ ಹೊತ್ತಿನಲ್ಲಿ ಒಂದು ಭಾಗವನ್ನು ತೆಗೆದು ಅದರ ಬದಲಿಗೆ ಪುಟನೆಗೆತ. ಎಂಟು ವಾರಗಳಾದ ಮೇಲೆ ಎರಡನೆಯ ಗುಂಪಿನವರ ಕಿರು ಓಟ, ನೆಗೆತ, ಮೆಡಿಸಿನ್ ಬಾಲ್ ಎಂಬ ಭಾರದ ಚೆಂಡಿನ ಎಸೆತ, ತಿರುಗಿ ಓಡುವ ಚುರುಕು, ಸರ್ವಿಸಿನ ವೇಗ, ಇವೆಲ್ಲ ಉತ್ತಮವಾದುವು.

ಈ ಫಲದಲ್ಲಿ ಎರಡು ಅಂಶಗಳು ವಿಚಾರಾರ್ಹವಾಗಿವೆ. ಮೊದಲನೆಯದಾಗಿ, ಅಭ್ಯಾಸದ ಹೊತ್ತು ಹೆಚ್ಚಲಿಲ್ಲ. ಇದ್ದ ಹೊತ್ತಿನೊಳಗೇ ಒಂದನ್ನು ಬಿಟ್ಟು ಇನ್ನೊಂದನ್ನು ಇಟ್ಟುದಾಯಿತು. ಎರಡನೆಯದಾಗಿ, ಸರ್ವಿಸು ಕೈಯ ಕೆಲಸವೆಂದು ತೋರಿದರೂ ಅದರ ಬಲ ಮಡಿಸಿದ ಮಂಡಿಗಳಿಂದ ಹೊರಟು, ಸೊಂಟ ಬೆನ್ನುಗಳ ಮೂಲಕ ಭುಜಕ್ಕೆ ಏರುವುದೆಂಬುದಕ್ಕೆ ಇದು ಹೊಂದಿಕೆಯಾಗಿದೆ. ಆದರೂ ಫಲವನ್ನು ಅದರ ಎಲ್ಲೆ ಮೀರಿ ಹಿಗ್ಗಿಸಬಾರದು. ಎಂಟು ವಾರಗಳ ಪರೀಕ್ಷೆ ಎಂಟು ವಾರಗಳ ವಿಚಾರವನ್ನು ಮಾತ್ರ ಹೇಳಬಲ್ಲುದು. ವೇಗವಾಗಿ ಓಡಿದವನೇ ಪಂದ್ಯವನ್ನು ಗೆಲ್ಲುವನೆಂದು ಅದರಿಂದ ಸಿದ್ಧವಾಗದು.

೫

ಇನ್ನು ನಿಷೇಧಪಕ್ಷದ ಆಕ್ಷೇಪಕ್ಕೆ ಬರಬಹುದು. ಮಗುವಿನ ಉದ್ದೆಲುಬುಗಳ ತುದಿಗಳ ಬಳಿ ಮೃದ್ವಸ್ಥಿಯ ಪದರವೊಂದಿರುವುದು. ಎಲುಬು ಉದ್ದಕ್ಕೆ ಬೆಳೆಯುವುದು ಅಲ್ಲಿಂದಲೇ. ಬಲವಾದ ಪೆಟ್ಟಿನಿಂದ ಅದು ನೊಂದರೆ ಎಲುಬಿನ ಬೆಳವಣಿಗೆಗೆ ತೊಡಕಾಗಬಹುದೆಂಬುದು ಸತ್ಯವೇ. ಆದರೆ ತಿಳಿದವರ ಮೇಲ್ವಿಚಾರಣೆಯಲ್ಲಿ ಅಳತೆಯಿಂದ ನಡೆಯುವ ನೆಗೆತದ ಅಭ್ಯಾಸದಿಂದ ಎತ್ತರ ಕುಗ್ಗುವುದೆಂಬುದಕ್ಕೆ ಆಧಾರವಿಲ್ಲ. ಓಡುವ, ಕುಂಟಾಬಿಲ್ಲೆಯಾಡುವ, ಜಗಲಿಯಿಂದ ಕೆಳಗೆ ಹಾರುವ ಮಗುವಿನ ಕಾಲುಗಳು ತನ್ನ ತೂಕದ ಹಲವು ಮಡಿ ಭಾರವನ್ನು ದಿನವೂ ಹೊರುತ್ತಿರುವುವು.

ಎಲುಬು ಭಾರವನ್ನು ಕಂಡು ಗಟ್ಟಿಯಾಗುವ ವಸ್ತುವೆಂಬುದಕ್ಕೆ ಟೆನಿಸ್ ಆಟವೇ ಒಳ್ಳೆಯ ಸಾಕ್ಷಿಯನ್ನೊದಗಿಸಿದೆ. ಫಿನ್ಲೆಂಡಿನ ಕಾನುಸ್ ಮತ್ತು ಅವರ ಸಹೋದ್ಯೋಗಿಗಳು ೧೯೯೫ರಲ್ಲಿ ಟೆನಿಸ್ ಮತ್ತು ಸ್ಕ್ವಾಷ್ ಆಡುವ ಸ್ತ್ರೀಯರ ಎರಡು ತೋಳುಗಳ ಎಲುಬುಗಳನ್ನೂ ಹೋಲಿಸಿ ನೋಡಿದರು. ರಾಕೆಟ್ಟು ಹಿಡಿಯುವ ತೋಳಿನ ಎಲುಬು ಇನ್ನೊಂದಕ್ಕಿಂತ ಪುಷ್ಟವಾಗಿತ್ತು. ಋತುಮತಿಯರಾಗುವುದಕ್ಕೆ ಮುಂಚೆ ಅಥವಾ ಆ ವೇಳೆಗೆ ಆಟವನ್ನು ಆರಂಭಿಸಿದವರಲ್ಲಿ ಈ ಅಂತರವು ತಡವಾಗಿ ಆರಂಭಿಸಿದವರಿಗಿಂತ ಎರಡರಿಂದ ನಾಲ್ಕು ಮಡಿಯಷ್ಟಿತ್ತು. ೨೦೦೧ರಲ್ಲಿ ಅಮೆರಿಕದ ಫುಕ್ಸ್ ಮತ್ತು ಅವರ ಜೊತೆಗಾರರು ಆರರಿಂದ ಹತ್ತು ವರ್ಷದೊಳಗಿನ ಮಕ್ಕಳಿಗೆ ೬೧ ಸೆಂಟಿಮೀಟರು ಎತ್ತರದ ಪೆಟ್ಟಿಗೆಯಿಂದ ಹಾರಿ ಇಳಿಯುವ ಅಭ್ಯಾಸವನ್ನು ಏಳು ತಿಂಗಳು ಮಾಡಿಸಿದಾಗ ಸೊಂಟದ ಕೀಲಿನ ಮತ್ತು ಬೆನ್ನಿನ ಎಲುಬುಗಳು ಪುಷ್ಟವಾದುದು ಕಂಡುಬಂದಿತು. ಅದು ಎಲುಬಿಗಾಗಿ ಮಾಡಿದ ಪರೀಕ್ಷೆ, ಆಟಗಾರರಿಗೆ ಮಾದರಿಯಲ್ಲ. ಎಳೆಯ ಎಲುಬಿಗೆ ನೆಗೆತವೇ ವಿಷವೆಂಬ ಮಾತು ನಿಲ್ಲದೆಂಬುದಕ್ಕೆ ಮಾತ್ರ ಇದು ಸಾಕು.

ಹಾಗೆಂದು ಅಪಾಯವೇ ಇಲ್ಲವೆನ್ನುವುದೂ ಸಲ್ಲದು. ಹುಡುಗಿಯರಲ್ಲಿ ಸುಮಾರು ಹನ್ನೆರಡನೆಯ, ಹುಡುಗರಲ್ಲಿ ಸುಮಾರು ಹದಿನಾಲ್ಕನೆಯ ವಯಸ್ಸಿನಲ್ಲಿ ಎತ್ತರವು ಅತಿ ಶೀಘ್ರವಾಗಿ ಏರುವುದು. ಆಗ ಸ್ನಾಯುರಜ್ಜುಗಳು ಎಲುಬಿಗೆ ಅಂಟಿಕೊಂಡ ಎಡೆಗಳಲ್ಲಿ ಎಳೆತ ಹೆಚ್ಚುವುದು. ಮಂಡಿಚಿಪ್ಪಿನ ಕೆಳಗಿನ ಉಬ್ಬಿನಲ್ಲಿ ಆಗ ಕಾಣಿಸಿಕೊಳ್ಳುವ ನೋವನ್ನು ೧೯೦೩ರಲ್ಲಿ ಆಸ್‌ಗುಡ್ ಅವರೂ ಶ್ಲಾಟರ್ ಅವರೂ ಬೇರೆ ಬೇರೆಯಾಗಿ ವರ್ಣಿಸಿದರು. ಹಿಮ್ಮಡಿಯಲ್ಲಿ ಬರುವ ಇಂಥದೇ ನೋವನ್ನು ೧೯೧೨ರಲ್ಲಿ ಸೀವರ್ ಅವರು ವರ್ಣಿಸಿದರು. ಇವು ಒಂದೇ ಪೆಟ್ಟಿನಿಂದ ಬರುವ ನೋವುಗಳಲ್ಲ. ಬಿಡುವಿಲ್ಲದ ಸಣ್ಣ ಸಣ್ಣ ಎಳೆತಗಳು ಕೂಡಿ ಬರುವುವು. ಮೂರು ಸೆಟ್ಟುಗಳ ಪಂದ್ಯದಲ್ಲಿ ಆಟಗಾರನು ೩೦೦ರಿಂದ ೫೦೦ರ ವರೆಗೆ ತೀವ್ರವಾದ ಯತ್ನಗಳನ್ನು ಮಾಡುವನೆಂಬ ಎಣಿಕೆಯುಂಟು. ದಿನವೂ ಸಿಮೆಂಟಿನ ಅಂಗಳದಲ್ಲಿ ಆಡುವ ಮಗುವಿನ ಕಾಲಿನ ಲೆಕ್ಕದಲ್ಲಿ ಇವೆಲ್ಲವೂ ಆಗಲೇ ಬರೆದಾಗಿವೆ. ಅದನ್ನು ನೋಡದೆ ಪುಟನೆಗೆತವನ್ನು ಅದರ ಮೇಲೆ ಹೇರುವುದರಲ್ಲಿಯೇ ಅಪಾಯವಿರುವುದು.

೬

ಆದುದರಿಂದ ಕಲಿಸುವ ಕ್ರಮವೇ ಇಲ್ಲಿ ಮುಖ್ಯವಾದುದು. ಇಳಿಯಲು ಬಾರದವನಿಗೆ ನೆಗೆಯುವುದನ್ನು ಕಲಿಸಬಾರದೆಂಬುದು ಅದರ ಮೊದಲನೆಯ ಸೂತ್ರ.

ಮೊದಲ ಹಂತದಲ್ಲಿ ಮಗುವು ನಿಂತಲ್ಲಿಂದ ತುಸು ನೆಗೆದು, ಎರಡು ಪಾದಗಳ ಮೇಲೆ ಇಳಿದು, ಇಳಿದ ಭಂಗಿಯಲ್ಲಿಯೇ ಎರಡು ಮೂರು ಸೆಕೆಂಡು ಅಲುಗದೆ ನಿಲ್ಲಬೇಕು. ಮಂಡಿಗಳು ಮಡಿದಿರಬೇಕು, ಒಳಕ್ಕೆ ವಾಲಬಾರದು, ಪಾದದ ಬೆರಳುಗಳ ದಿಕ್ಕಿಗೇ ಇರಬೇಕು. ಶಿಕ್ಷಕನ ಕಿವಿಯೇ ಇಲ್ಲಿ ಒಳ್ಳೆಯ ಉಪಕರಣ. ಮೆತ್ತನೆಯ ಸದ್ದಿನ ಇಳಿತದಲ್ಲಿ ಮಾಂಸಖಂಡಗಳು ಭಾರವನ್ನು ಹೊತ್ತಿರುವುವು. ದಪ್ಪೆಂಬ ಸದ್ದಿನ ಇಳಿತದಲ್ಲಿ ಅದು ಎಲುಬು ಕೀಲುಗಳ ಪಾಲಾಗಿರುವುದು. ಎರಡನೆಯ ಹಂತದಲ್ಲಿ ಹಗ್ಗದಾಟ, ನೆಲದ ಮೇಲೆಳೆದ ಗೆರೆಯನ್ನು ಅತ್ತಿತ್ತ ದಾಟುವ ಕಿರುನೆಗೆತ, ಇವು ಬರುವುವು. ನೆಲದ ಮೇಲಿನ ಹೊತ್ತನ್ನು ಕಿರಿದು ಮಾಡುವುದು ಇಲ್ಲಿನ ಗುರಿ. ಮೂರನೆಯ ಹಂತದಲ್ಲಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಪಕ್ಕಕ್ಕೆ ನೆಗೆಯುವುದು, ಗೇಣುದ್ದದ ತಡೆಗಳನ್ನು ದಾಟುವುದು, ಹಗುರವಾದ ಮೆಡಿಸಿನ್ ಬಾಲನ್ನು ಎದೆಯಿಂದಲೂ ಪಕ್ಕದಿಂದಲೂ ಎಸೆಯುವುದು ಸೇರುವುವು. ಪಕ್ಕದ ನೆಗೆತವು ಅಂಗಳದ ಓಟಕ್ಕೂ ಪಕ್ಕದ ಎಸೆತವು ಹೊಡೆತದ ತಿರುವಿಗೂ ನೇರವಾಗಿ ಸಂಬಂಧಪಟ್ಟಿವೆ. ಪೆಟ್ಟಿಗೆಯಿಂದಿಳಿದು ಪುಟಿಯುವ ಅಭ್ಯಾಸ ಕಡೆಯದು. ಎಳೆಯರಿಗೆ ಅದರ ಎತ್ತರ ಮಂಡಿಗಿಂತ ಕೆಳಗೇ ಇರಬೇಕು. ವೆರ್ಖೋಷಾನ್‌ಸ್ಕಿಯವರ ಎತ್ತರಗಳನ್ನು ಮಕ್ಕಳಿಗೆ ಅನ್ವಯಿಸುವುದು ಪದ್ಧತಿಯನ್ನು ತಪ್ಪಾಗಿ ಓದಿದಂತೆ.

ಎಣಿಕೆಯ ವಿಚಾರದಲ್ಲಿ ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಸಂಸ್ಥೆಗಾಗಿ ಫೈಗನ್‌ಬಾಮ್ ಮತ್ತು ಚು ಅವರು ಬರೆದ ಸೂಚನೆ ಉಪಯುಕ್ತವಾಗಿದೆ. ಒಂದು ವ್ಯಾಯಾಮಕ್ಕೆ ೬ರಿಂದ ೧೦ ಸಲದಂತೆ ಒಂದರಿಂದ ಮೂರು ಆವೃತ್ತಿಗಳು. ವಾರಕ್ಕೆ ಎರಡು ದಿನ, ಅವೂ ಒಂದರ ಬೆನ್ನಿಗೆ ಒಂದು ಬರಬಾರದು. ನಾಲ್ಕು ವ್ಯಾಯಾಮಗಳನ್ನು ಎಂಟೆಂಟು ಸಲದಂತೆ ಎರಡು ಆವೃತ್ತಿ ಮಾಡಿದರೆ ಪಾದವು ನೆಲವನ್ನು ತಾಗುವುದು ೬೪ ಸಲ. ಆರಂಭದಲ್ಲಿರುವ ಮಗುವಿಗೆ ಅಷ್ಟು ಧಾರಾಳವಾಯಿತು. ಆವೃತ್ತಿಗಳ ನಡುವೆ ಉಸಿರು ಪೂರ್ತಿಯಾಗಿ ಹಿಂದಿರುಗುವಷ್ಟು ಬಿಡುವಿರಬೇಕು. ದಣಿದ ಕಾಲು ನೆಲದ ಮೇಲೆ ಹೆಚ್ಚು ಹೊತ್ತು ನಿಲ್ಲುವುದರಿಂದ ಅಭ್ಯಾಸದ ಸಾರವೇ ಕೆಡುವುದು. ಇಳಿತದ ಸದ್ದು ಜೋರಾದರೆ, ಮಂಡಿ ಒಳಕ್ಕೆ ವಾಲಿದರೆ, ನೋವೆಂದು ಮಗು ಹೇಳಿದರೆ, ಎಣಿಕೆ ಮುಗಿಯದಿದ್ದರೂ ಅಂದಿನ ಅಭ್ಯಾಸ ಮುಗಿದಂತೆಯೇ. ನೆಲವು ಹುಲ್ಲಿನದೋ ಮರದ ಹಲಗೆಯದೋ ಆಗಿರುವುದು ಲೇಸು. ಸಿಮೆಂಟು ಪೆಟ್ಟನ್ನು ಹಿಂದಿರುಗಿಸುವುದು. ದಪ್ಪನಾದ ಹಾಸಿಗೆ ಪಾದವನ್ನು ಹಿಡಿದಿಟ್ಟು ನಡುವಿನ ಘಟ್ಟವನ್ನು ಉದ್ದಮಾಡುವುದು.

ಆಟವನ್ನು ಮಗುವಿನ ಅಳತೆಗೆ ತರುವುದು ಟೆನಿಸಿಗೆ ಹೊಸದೇನೂ ಅಲ್ಲ. ಹತ್ತು ವರ್ಷ ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರ ಸ್ಪರ್ಧೆಗಳಲ್ಲಿ ಕೆಂಪು, ಕಿತ್ತಳೆ, ಹಸಿರು ಗುರುತಿನ ಮಂದಗತಿಯ ಚೆಂಡುಗಳನ್ನೇ ಬಳಸಬೇಕೆಂದು ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟವು ೨೦೧೨ರಿಂದ ನಿಯಮ ಮಾಡಿತು. ಕೆಂಪು ಚೆಂಡಿನ ಅಂಗಳದ ಉದ್ದ ಸುಮಾರು ೧೧ ಮೀಟರು, ಕಿತ್ತಳೆಯದು ಸುಮಾರು ೧೮ ಮೀಟರು. ಚೆಂಡಿಗೂ ಅಂಗಳಕ್ಕೂ ಒಪ್ಪಿದ ಈ ನ್ಯಾಯವನ್ನು ವ್ಯಾಯಾಮಕ್ಕೆ ಒಪ್ಪದಿರುವುದಕ್ಕೆ ಕಾರಣವಿಲ್ಲ.

೭

ಈ ವರೆಗಿನ ವಿವೇಚನೆಯಿಂದ ಎರಡು ಪಕ್ಷಗಳಿಗೂ ಉತ್ತರ ದೊರೆತಂತಾಯಿತು. ಹೆಚ್ಚು ನೆಗೆಯುವುದೇ ಮೇಲೆಂಬವರು ಶಬ್ದದಲ್ಲಿರುವ ‘ಹೆಚ್ಚು’ ಎಂಬುದು ಮಾಂಸಖಂಡದ ಉದ್ದಕ್ಕೆ ಸೇರಿದುದೆಂಬುದನ್ನು ಮರೆತರು. ನೆಗೆತವೇ ಕೂಡದೆಂಬವರು ಎಲುಬು ಬೆಳೆಯುವ ಬಗೆಯನ್ನು ಮರೆತರು. ನೆಗೆತದ ಎತ್ತರ ಎಲ್ಲರ ಕಣ್ಣಿಗೂ ಕಾಣುವುದು. ಪಾದವು ನೆಲದ ಮೇಲಿದ್ದ ಸೆಕೆಂಡಿನ ಕಾಲು ಭಾಗ ಕಾಣುವುದು ಕಲಿಸುವವನಿಗೆ ಮಾತ್ರ. ಅಷ್ಟನ್ನು ನೋಡಬಲ್ಲವನ ಕೈಯಲ್ಲಿ ಪುಟನೆಗೆತವು ಮಗುವಿನ ಆಟಕ್ಕೆ ಚುರುಕನ್ನೂ ಎಲುಬಿಗೆ ಪುಷ್ಟಿಯನ್ನೂ ಕೊಡಬಲ್ಲುದು. ನೋಡಲಾರದವನ ಕೈಯಲ್ಲಿ ಅದು ಬರಿಯ ಪೆಟ್ಟುಗಳ ಲೆಕ್ಕವಾಗುವುದು.